ರಕ್ತದ ಟ್ಯೂಬಿಗೊಂದು ಕೌದಿ

ಲಂಗದ ಲಾಡಿ ಬಿಗಿಯಾಗತೊಡಗಿದ್ದೇ ಮೊದಲ ಸೂಚನೆ. ಜಂಪರಿನ ತೋಳು ಮಾತ್ರ ಸಡಿಲವಾಗುತ್ತಿತ್ತು. ಮೂಡಲಗಿಯಲ್ಲಿ ಹೆಂಗಸರ ಬಟ್ಟೆ ಹೊಲಿಯುವ ಅಂಗಡಿ ನನ್ನದು. ಯಾರ ಮೈ ಎಲ್ಲಿ ಇಳಿಯಿತು, ಎಲ್ಲಿ ಏರಿತು ಎಂಬುದು ಅವರಿಗಿಂತ ಮೊದಲು ನನ್ನ ಟೇಪಿಗೆ ತಿಳಿಯುತ್ತಿತ್ತು. ಒಂದು ದಿನ ಅಂಗಡಿಯಲ್ಲಿ ಯಾರೂ ಇಲ್ಲದಾಗ ನನ್ನನ್ನೇ ಅಳೆದುಕೊಂಡೆ. ಭುಜ ಇಳಿದಿತ್ತು. ತೋಳು ಇಳಿದಿತ್ತು. ಹೊಟ್ಟೆ ಏರಿತ್ತು, ಅದೂ ಎಡಗಡೆಗೆ ಮಾತ್ರ.

ಮಸಗುಪ್ಪಿಯ ಮನೆಯಲ್ಲಿ ಅತ್ತೆ ಚಂದ್ರವ್ವ ನನ್ನ ಹೊಟ್ಟೆ ನೋಡಿ ಬೇರೆಯೇ ಲೆಕ್ಕ ಹಾಕಿದರು. ನಲವತ್ತರ ಹತ್ತಿರ ಬಂದ ಸೊಸೆಯನ್ನು ಹಿತ್ತಲಿಗೆ ಕರೆದು ಪಿಸುಗುಟ್ಟಿದರು.

"ಖರೆ ಹೇಳು, ಹೊಸಾ ಸುದ್ದಿ ಏನರ ಐತೇನು? ಹಳೆ ಸೀರಿ ತಗದಿಡ್ಲೇನು?"

ನಮ್ಮ ಕಡೆ ಮನೆಗೆ ಕೂಸು ಬರುತ್ತದೆಂದರೆ ಹಳೆಯ ಸೀರೆಗಳನ್ನು ಪದರ ಪದರವಾಗಿ ಜೋಡಿಸಿ ಕೌದಿ ಹೊಲಿಯುತ್ತಾರೆ. ನಾನು ನಕ್ಕೆ. ಅವರು ನನ್ನ ಮಾತು ನಂಬದೆ ಸೀರೆಗಳನ್ನು ಒಗೆದು ಟ್ರಂಕಿನ ಮೇಲೆ ಇಟ್ಟೇಬಿಟ್ಟರು.

ಗೋಕಾಕದ ಡಾಕ್ಟರು ಎಡ ಪಕ್ಕೆಯ ಕೆಳಗೆ ಒತ್ತಿ ನೋಡಿ, ಗುಲ್ಮ ಊದಿದೆ ಎಂದರು. ರಕ್ತ ತೆಗೆಸಿದರು. ಲ್ಯಾಬಿನವರು ಬಿಳಿ ಕಣಗಳ ಎಣಿಕೆ ನೋಡಿ, ಮಷೀನು ಕೆಟ್ಟಿರಬೇಕೆಂದು ಇನ್ನೊಮ್ಮೆ ರಕ್ತ ತೆಗೆದುಕೊಂಡರು.

ಮಷೀನು ಕೆಟ್ಟಿರಲಿಲ್ಲ.

ಬೆಳಗಾವಿಯ ದೊಡ್ಡ ಆಸ್ಪತ್ರೆಯಲ್ಲಿ ನನ್ನನ್ನು ನೋಡಿದವರು ಒಬ್ಬ ಡಾಕ್ಟರಬಾಯಿ. ಸುತ್ತಿಬಳಸದೆ ಹೇಳಿದರು: "ಬ್ಲಡ್ ಕ್ಯಾನ್ಸರ್ ಇರಬೇಕು ಅನಸ್ತೈತಿ. ಅದರಾಗ ಒಂದು ನಮೂನಿ ಐತಿ. ಅದು ಆಗಿದ್ರ ನಿಮ್ಮ ನಸೀಬ ಛಲೋ ಐತಿ ಅನ್ರಿ."

ನನಗೆ ಸಿಟ್ಟು ನೆತ್ತಿಗೇರಿತು. "ಅಂಥಾ ನಸೀಬ ನಿಮಗ ಇರಲಿ ಬಿಡ್ರಿ" ಎಂದುಬಿಟ್ಟೆ. ಬಾಜೂ ನಿಂತಿದ್ದ ನನ್ನ ಗಂಡ ಪಾಯಪ್ಪ ತೋಳು ಚಿವುಟಿದರು. ಡಾಕ್ಟರಬಾಯಿ ಬೇಸರಪಡಲಿಲ್ಲ. ಕುರ್ಚಿ ಹತ್ತಿರ ಎಳೆದುಕೊಂಡು, ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರು. ಹೊಲಿಗೆ ಎಂದೆ.

"ಹಂಗಾರ ಕೇಳ್ರಿ. ಎಲ್ಲಾ ಅಳತಿ ಇರೋ ಪುಸ್ತಕ ಪೆಟ್ಟಿಗ್ಯಾಗ ಇಟ್ಟು, ಇವತ್ತು ಬೇಕಾದ ಅಚ್ಚಷ್ಟ ತೆಳ್ಳನ ಕಾಗದಕ್ಕ ಇಳಿಸ್ಕೋತೀರಿ ಹೌದಲ್ರಿ? ಮೈಯಾಗಿನ ಒಂದೊಂದು ಕಣಾನೂ ಹಂಗ ಮಾಡ್ತೈತಿ. ಪುಸ್ತಕ ಅಂದ್ರ ಡಿಎನ್‌ಎ. ಇಳಿಸಿದ ಕಾಗದ ಅಂದ್ರ ಆರ್‌ಎನ್‌ಎ. ಈ ಜಡ್ಡಿನ್ಯಾಗ ಪುಸ್ತಕದ ಎರಡು ಹಾಳಿ ಹರದು, ತೋಳಿನ ಅಚ್ಚು ಹೋಗಿ ಕಾಲರಿಗೆ ಹತ್ಕೊಂಡಿರ್ತೈತಿ. ಆ ತಪ್ಪು ಕಾಗದ ನೋಡಿ ಕಣ ಒಂದಽ ಸವನ ಹೊಲಕೋತ ಕೂಡ್ತೈತಿ. ನಿಮ್ಮ ರಕ್ತದಾಗ ಆ ಕಾಗದ ಸಿಕ್ಕರ, ಆ ಹೊಲಿಗಿ ನಿಲ್ಲಸಾಕ ಹೊಸಾ ಗುಳಗಿ ಬಂದೈತಿ. ಸಿಗಲಿಲ್ಲಂದ್ರ ಆ ಗುಳಗಿ ನಿಮಗ ನಡಿಯಂಗಿಲ್ಲ."

ಆಸ್ಪತ್ರೆಗೆ ಕಾಲಿಟ್ಟ ಮೇಲೆ ನನಗೆ ಅರ್ಥವಾದ ಮೊದಲ ಮಾತು ಅದು.

ಪರೀಕ್ಷೆ ಮಾಡುವ ಲ್ಯಾಬ್ ಪುಣೆಯಲ್ಲಿತ್ತು. ಆರ್‌ಎನ್‌ಎ ಭಾರಿ ನಾಜೂಕು, ರಕ್ತ ತಣ್ಣಗೆ ಹೋಗಬೇಕು ಎಂದರು. ತಣ್ಣಗೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಪಾಯಪ್ಪ ಮುಂದಿನದನ್ನು ಕೇಳಿಸಿಕೊಳ್ಳಲಿಲ್ಲ. ಅವರದು ಹಾಲಿನ ವ್ಯಾಪಾರ. ಮಸಗುಪ್ಪಿಯ ಹಾಲನ್ನು ಬಿರುಬೇಸಿಗೆಯಲ್ಲೂ ಕೆಡದಂತೆ ಗೋಕಾಕಕ್ಕೆ ಮುಟ್ಟಿಸುವವರು. ಕ್ಯಾನಿನ ಸುತ್ತ ಬರ್ಫ, ಬರ್ಫಿನ ಮೇಲೆ ಹರಳುಪ್ಪು.

"ಉಪ್ಪು ಹಾಕಿದ್ರ ಬರ್ಫ ಇನ್ನೂ ಕೊರಿತೈತಿ. ನೀ ಏನ್ ಕಾಳಜಿ ಮಾಡಬ್ಯಾಡ" ಎಂದು ನನ್ನ ರಕ್ತದ ಟ್ಯೂಬನ್ನು ಸಣ್ಣ ಕ್ಯಾನಿನಲ್ಲಿ ಉಪ್ಪು ಬೆರೆಸಿದ ಬರ್ಫಿನ ನಡುವೆ ಹೂತು ಮುಚ್ಚಳ ಬಿಗಿದರು. ಯಮಕನಮರಡಿಯಲ್ಲಿ ಟ್ರಕ್ಕು ಇಟ್ಟುಕೊಂಡಿರುವ ನನ್ನ ಅಣ್ಣ ಬಾಹುಬಲಿ ಅದನ್ನು ಹೈವೇ ಹಿಡಿದು ಪುಣೆಗೆ ಒಯ್ದ.

ರಿಪೋರ್ಟ್ ಬಂತು.

ಸ್ಯಾಂಪಲ್ ಕೆಟ್ಟಿದೆ.

ಉಪ್ಪಿನ ಬರ್ಫಿನಲ್ಲಿ ರಕ್ತ ಕಲ್ಲಾಗಿತ್ತು. ಕಣಗಳೆಲ್ಲ ಒಡೆದು, ಕರಗುವ ಹೊತ್ತಿಗೆ ಆ ತೆಳ್ಳನೆಯ ಕಾಗದ ಚೂರು ಚೂರಾಗಿತ್ತು. "ಬಿಸಿಲಿಗೆ ಕೆಟ್ಟ ರಕ್ತ ಅವರು ಭಾಳ ನೋಡ್ಯಾರ. ಕುಲ್ಫಿ ಆಗಿ ಬಂದಿದ್ದು ಇದಽ ಮೊದಲ ಅಂತ" ಎಂದರು ಡಾಕ್ಟರಬಾಯಿ. ಪಾಯಪ್ಪ ನಗಲಿಲ್ಲ. ಹೊರಗಿನ ಬೆಂಚಿನ ಮೇಲೆ ಮುಖಕ್ಕೆ ಟವೆಲ್ ಮುಚ್ಚಿಕೊಂಡು ಕುಳಿತರು. ಅಲ್ಲಿಯವರೆಗೆ ನಾನು ಅವರ ಕಣ್ಣಲ್ಲಿ ನೀರು ಕಂಡಿರಲಿಲ್ಲ.

ಬಿಳಿ ಕಣಗಳ ಎಣಿಕೆ ಏರದಂತೆ ಬೇರೊಂದು ಮಾತ್ರೆ ಕೊಟ್ಟಿದ್ದರು. ಅದು ತಡೆ ಅಷ್ಟೇ, ಬಹಳ ದಿನ ನಂಬುವಂತಿಲ್ಲ ಎಂದೂ ಹೇಳಿದ್ದರು. ನನಗೆ ಸಾಯುವ ಹೆದರಿಕೆ ಆಯಿತು. ಊಟಕ್ಕೆ ಕುಳಿತಾಗ, ಸೂಜಿಗೆ ದಾರ ಪೋಣಿಸುವಾಗ, ಯಾರದೋ ಮಗಳ ಲಗ್ನದ ಜಂಪರು ಕತ್ತರಿಸುವಾಗ, ಇದನ್ನು ತೊಟ್ಟು ಈ ಹುಡುಗಿ ಮಂಟಪ ಏರುವ ದಿನ ನಾನಿರುತ್ತೇನೋ ಇಲ್ಲವೋ ಎಂಬ ಯೋಚನೆ ಬಂದು ಕತ್ತರಿ ನಿಂತುಬಿಡುತ್ತಿತ್ತು.

ಪುಣೆಗೆ ಮತ್ತೊಮ್ಮೆ ರಕ್ತ ಕಳಿಸಬೇಕಿತ್ತು. ಈ ಸಲ ಡಾಕ್ಟರಬಾಯಿ ಪಾಯಪ್ಪನವರನ್ನು ಎದುರಿಗೆ ಕೂಡಿಸಿಕೊಂಡು ಹೇಳಿದರು. ಬಿಸಿಲು ತಾಗಬಾರದು. ಬರ್ಫವೂ ತಾಗಬಾರದು.

ನಡುವೆ ಪದರ ಬೇಕು, ಅಷ್ಟೇ ತಾನೆ? ಅದು ನನ್ನ ಕೆಲಸ. ಮನೆಗೆ ಬಂದು ಟ್ರಂಕಿನ ಮೇಲಿನ ಸೀರೆ ಕೇಳಿದೆ. ಅತ್ತೆ ತಾವೇ ಹರಿದು ಪದರ ಜೋಡಿಸಿ ಕೊಟ್ಟರು. "ಕೂಸಿಗಂತ ತಗದಿಟ್ಟಿದ್ನಿ. ಇರ್ಲಿ, ಆ ಟ್ಯೂಬರ ಬೆಚ್ಚಗ ಮಲಗ್ಲಿ."

"ಬೆಚ್ಚಗ ಅಲ್ರಿ ಅತ್ತಿ, ತಣ್ಣಗ."

"ತಣ್ಣಗರ ಮಲಗ್ಲಿ. ಒಟ್ಟು ನೀ ಉಳದ್ರ ಸಾಕು" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ಅಂಗೈಯಗಲದ ಕೌದಿ ಚೀಲ. ಹೊರಗಿನ ಜೇಬಿಗೆ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದ ಬರ್ಫ, ಒಳಗಿನ ಜೇಬಿಗೆ ಟ್ಯೂಬು. ಬಾಹುಬಲಿ ಟ್ರಕ್ಕು ಬಿಟ್ಟು ಬೆಳಗಿನ ಬಸ್ಸು ಹತ್ತಿದ, ಚೀಲವನ್ನು ತೊಡೆಯ ಮೇಲಿಂದ ಇಳಿಸಲೇ ಇಲ್ಲವಂತೆ. ಪಕ್ಕದವರು ಒಳಗೇನಿದೆ ಎಂದು ಕೇಳಿದ್ದಕ್ಕೆ "ನಮ್ಮ ತಂಗಿ" ಎಂದನಂತೆ.

ಆ ತಪ್ಪು ಕಾಗದ ಸಿಕ್ಕಿತು!

ಕ್ಯಾನ್ಸರ್ ಖಾತ್ರಿಯಾಯಿತೆಂದು ಬೆಳಗಾವಿಯ ಆ ವಾರ್ಡಿನಲ್ಲಿ ಗೋಕಾಕದ ಕರದಂಟು ಹಂಚಿದವರು ನನ್ನ ಗಂಡ ಒಬ್ಬರೇ ಇರಬೇಕು. ನರ್ಸುಗಳು ಗಂಡುಮಗುವೋ ಹೆಣ್ಣುಮಗುವೋ ಎಂದು ಕೇಳಿದರು.

ಗುಳಗಿಯನ್ನು ಹೊಟ್ಟೆ ತುಂಬ ಉಂಡು ತೆಗೆದುಕೊಳ್ಳಬೇಕು. ನಮ್ಮದು ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಜೈನರ ಮನೆ. ಬಿಸಿಲು ಗೋಡೆಯಿಂದ ಇಳಿಯತೊಡಗಿದರೆ ಸಾಕು, ಅತ್ತೆ ರೊಟ್ಟಿ ತಟ್ಟಿ, ಕಾಸಿ ಆರಿಸಿದ ನೀರು ಇಟ್ಟು ಕೂಗುತ್ತಿದ್ದರು. ಗುಳಗಿಯ ಕಾಟಕ್ಕೆ ಕಣ್ಣು ಊದಿಕೊಂಡವು. ಕಾಲಿನ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಆದರೆ ಹೊಟ್ಟೆ ಇಳಿಯಿತು. ಪ್ರತಿ ಸಲ ರಿಪೋರ್ಟಿಗಿಂತ ಮೊದಲು ನನ್ನ ಟೇಪು ಅದನ್ನು ಹೇಳುತ್ತಿತ್ತು. ಮುಂದೆ ಒಂದು ದಿನ, ಮತ್ತೆ ನನ್ನ ರಕ್ತ ಒಯ್ದಿದ್ದ ಬಾಹುಬಲಿ ಪುಣೆಯಿಂದ ಫೋನ್ ಮಾಡಿ ಕಿವಿ ಕಿತ್ತುಹೋಗುವಂತೆ ಕೂಗಿದ: "ಎಷ್ಟ್ ಹುಡುಕಿದ್ರೂ ಸಿಗಲಿಲ್ಲಂತವಾ, ಆ ಕಾಗದ!"

ಗುಳಗಿ ಆ ತಪ್ಪು ಹೊಲಿಗೆ ನಿಲ್ಲಿಸಿತ್ತು. ನಾನು ಅಂಗಡಿಯಲ್ಲಿ ನಿಂತಲ್ಲೇ ಕುಳಿತು ಅತ್ತುಬಿಟ್ಟೆ. ಆಮೇಲೆ ಎದ್ದು, ಆ ಲಗ್ನದ ಹುಡುಗಿಯ ಮಗುವಿಗೆ ಹೊಲಿಯುತ್ತಿದ್ದ ಅಂಗಿಗೆ ಗುಂಡಿ ಹಚ್ಚಿದೆ.

ಆಸ್ಪತ್ರೆಯ ಕಾರಿಡಾರಿನಲ್ಲಿ ಹುಕ್ಕೇರಿಯ ಸಾಲಿಯಲ್ಲಿ ಮಕ್ಕಳಿಗೆ ಕಲಿಸುವ ಒಬ್ಬ ಅಕ್ಕೋರು ನನ್ನ ಪಕ್ಕ ಕೂರುತ್ತಿದ್ದರು. ಅದೇ ಜಡ್ಡು, ಅದೇ ಗುಳಗಿ. ಸಡಿಲವಾದ ಜಂಪರೊಂದನ್ನು ಬಿಗಿ ಮಾಡಿಕೊಡಲು ಕೊಟ್ಟಿದ್ದರು. ಮಾಡಿಕೊಟ್ಟೆ. ಕೆಲವು ತಿಂಗಳು ಕಳೆದು ಅವರಿಗೆ ಗುಳಗಿ ಹತ್ತುವುದು ನಿಂತಿತು, ಎಣಿಕೆ ಮತ್ತೆ ಏರಿತು. ಅದರ ಮುಂದಿನ ಸಲ ನಾನು ಹೋದಾಗ ಅವರ ಜಾಗ ಖಾಲಿ ಇತ್ತು. ನನಗೆ ಹತ್ತಿದ್ದು ಅವರಿಗೇಕೆ ಹತ್ತಲಿಲ್ಲ ಎಂದು ಡಾಕ್ಟರಬಾಯಿಯವರನ್ನು ಕೇಳಿದರೆ, "ಗೊತ್ತಿಲ್ರಿ" ಎಂದು ತಲೆ ತಗ್ಗಿಸಿದ್ದರು.

ಈ ವರ್ಷ ಡಾಕ್ಟರಬಾಯಿಯೇ ಆ ಮಾತು ತೆಗೆದರು. "ಇಷ್ಟು ದಿನ ನಮಗ ಗೊತ್ತಿದ್ದ ಒಂದಽ ಕಾಗದ ಹುಡಕ್ತಿದ್ವಿ. ಈಗ ಆರ್‌ಎನ್‌ಎ ಸೀಕ್ವೆನ್ಸಿಂಗ್ ಅಂತ ಬಂದೈತಿ. ಕಣದಾಗ ಇಳಿಸಿದ ಕಾಗದ ಎಷ್ಟದಾವು ಅಷ್ಟೂ ಓದತೈತಿ. ಗುಳಗಿ ಹತ್ತಿದವರದು, ಹತ್ತದವರದು ಬಾಜೂ ಬಾಜೂ ಇಟ್ಟು ನೋಡಿದ್ರ, ಎಲ್ಲಿ ಬ್ಯಾರೆ ಆಗೈತಿ ಅನ್ನೋದು ಸಿಗಬಹುದು. ನಿಮಗೇನೂ ಲಾಭ ಇಲ್ಲ. ರಕ್ತ ಕೊಡ್ತೀರೇನ್ರಿ?"

"ಅಕ್ಕೋರ ರಕ್ತ ಇಟ್ಟೀರೇನ್ರಿ?" ಎಂದೆ.

ಅವರು ಹೌದೆಂದು ತಲೆಯಾಡಿಸಿದರು. ಅಕ್ಕೋರೇ ಒಪ್ಪಿ ಕೊಟ್ಟು ಹೋಗಿದ್ದರಂತೆ.

ನಾನು ತೋಳು ಚಾಚಿದೆ.

ಲ್ಯಾಬಿನವರು ಥರ್ಮಾಕೋಲ್ ಪೆಟ್ಟಿಗೆ ಕಳಿಸಿದ್ದರು. ನನಗೆ ನನ್ನ ಚೀಲವೇ ಬೇಕಿತ್ತು. ಪ್ರತಿ ಪರೀಕ್ಷೆಗೂ ತರುವಂತೆ ಅಂದೂ ಮನೆಯಿಂದ ತಂದಿದ್ದೆ. ಅದರ ಅಂಚು ಒಂದು ಕಡೆ ಸವೆದಿದ್ದರಿಂದ, ಅಕ್ಕೋರ ಜಂಪರು ಬಿಗಿ ಮಾಡುವಾಗ ಉಳಿದ ನೀಲಿ ತುಂಡನ್ನು ಹಿಂದಿನ ದಿನವಷ್ಟೇ ಅಲ್ಲಿಗೆ ಹಚ್ಚಿ ಹೊಲಿದಿದ್ದೆ. ಟ್ಯೂಬು ಒಳಗಿಟ್ಟ ಚೀಲವನ್ನೇ ಪೆಟ್ಟಿಗೆಯಲ್ಲಿ ಇಳಿಸಿದರು. ಪಾಯಪ್ಪ ಬರ್ಫ ತಂದು ನನ್ನ ಮುಖ ನೋಡಿದರು.

"ಉಪ್ಪು?"

"ಹಾಕ್ರಿ, ನೋಡೂಣು!" ಎಂದೆ. ಡಾಕ್ಟರಬಾಯಿಗೂ ನಗು ತಡೆಯಲಾಗಲಿಲ್ಲ.

ಬಾಹುಬಲಿ ಪೆಟ್ಟಿಗೆಯನ್ನು ಎದೆಗವಚಿಕೊಂಡು ಪುಣೆಯ ಬಸ್ಸು ಹತ್ತಿದ. ನನ್ನ ರಕ್ತವೂ ಅಕ್ಕೋರ ರಕ್ತವೂ ಇನ್ನು ಅಲ್ಲಿ ಬಾಜೂ ಬಾಜೂ ಕೂರುತ್ತವೆ. ಗುಳಗಿಯ ಹೊತ್ತಾಗುತ್ತಿತ್ತು. ನಾನೂ ಪಾಯಪ್ಪನವರೂ ಊಟಕ್ಕೆ ಹೊರಟೆವು.