ಕಾವಲಿಯ ಚುರ್ರ್ ಮತ್ತು ಮಗಳ ರ್‍ಯಾಪ್

ಸೂರತ್‌ನ ಕತಾರ್‌ಗಾಮ್‌ನಲ್ಲಿರುವ ನಮ್ಮ ಹೋಟೆಲಿನಲ್ಲಿ ದೋಸೆ ಹಿಟ್ಟು ಒಂದೇ, ದೋಸೆಯ ಹೆಸರುಗಳು ಮಾತ್ರ ಗೋಡೆ ತುಂಬ. ಮಸಾಲೆ, ಮೈಸೂರು, ಜಿನಿ, ಚೀಸ್, ಚೀಸ್ ಜಿನಿ, ಚೀಸ್ ಮೈಸೂರು ಜಿನಿ. ಇದರಲ್ಲಿ ಮೈಸೂರಿನವರು ಕಂಡರೆ ಗುರುತು ಹಿಡಿಯುವಂಥದ್ದು ಒಂದೂ ಇಲ್ಲ. ಉಡುಪಿ ಕಡೆಯಿಂದ ಬಂದ ನಾನು ಇವನ್ನೆಲ್ಲ ನಾಚಿಕೆಯಿಲ್ಲದೆ ಮಾರುತ್ತೇನೆ. ಆದ್ದರಿಂದ ರ್‍ಯಾಪ್‌ನಲ್ಲಿ ಡ್ರಿಲ್ ಬೇರೆ, ಟ್ರ್ಯಾಪ್ ಬೇರೆ, ರೇಜ್ ಬೇರೆ ಎಂದು ಮಗಳು ಚೈತ್ರಾ ವಿವರಿಸಿದಾಗ ನಗುವ ಹಕ್ಕು ನನಗಿರಲಿಲ್ಲ. ಆದರೂ ನಕ್ಕೆ.

ನಕ್ಕ ತಪ್ಪಿಗೆ ಪಾಠ ಕೇಳಬೇಕಾಯಿತು. ಇದು ಅಂಡರ್‌ಗ್ರೌಂಡ್ ರ್‍ಯಾಪ್. ಟಿವಿಯಲ್ಲಿ ಬರುವುದಿಲ್ಲ, ಮದುವೆಯಲ್ಲಿ ಹಾಕುವುದಿಲ್ಲ. ಒಂದೊಂದು ಊರಿನ ಹುಡುಗರು ತಮ್ಮ ಕಿವಿಗೆ ಬಿದ್ದದ್ದನ್ನು ಸೇರಿಸಿ ಒಂದೊಂದು ಹೊಸ ಬಗೆ ಹುಟ್ಟಿಸುತ್ತಾರೆ. ನಮ್ಮ ಬೀದಿಯಲ್ಲಿ ವಜ್ರಕ್ಕೆ ಪಾಲಿಶ್ ಹಿಡಿಯುವ ಚಕ್ರವಿದೆಯಲ್ಲ, ಇಲ್ಲಿಯವರು ಘಂಟಿ ಎನ್ನುತ್ತಾರೆ, ಅದರ ಗುಂಯ್ ಸದ್ದನ್ನು ಕೆಳಗಿಟ್ಟು ಮೇಲೆ ಮಾತು ಜೋಡಿಸಿದರೆ ಅದು ಘಂಟಿ ಡ್ರಿಲ್. ಸೂರತ್ ಅಂಚಿನಲ್ಲಿ ಸಚಿನ್ ಎಂಬ ಮಗ್ಗಗಳ ಬಡಾವಣೆಯಿದೆ, ಆ ಕಡೆಯವರದು ಲೂಮ್ ಟ್ರ್ಯಾಪ್. ಅದರಲ್ಲಿ ಮಗ್ಗದ ಖಟಖಟ, ನೇಯುವವರು ಒಡಿಶಾದವರಾದ್ದರಿಂದ ಅರ್ಧಕ್ಕರ್ಧ ಒಡಿಯಾ ಮಾತು. ವಡೋದರದವರು ಗರ್ಬಾದ ತಾಳವನ್ನೇ ಓಡಿಸಿ ಓಡಿಸಿ ಏದುಸಿರು ಬಿಡಿಸುತ್ತಾರೆ. ಅಹಮದಾಬಾದಿನ ಚಾಂದ್‌ಖೇಡಾದಲ್ಲಿ ಮಾತ್ರ ಪಿಸುಮಾತಿನ ರ್‍ಯಾಪ್. ಅಲ್ಲಿನ ಸ್ಟಾಫ್ ಕ್ವಾರ್ಟರ್ಸ್‌ಗಳ ಗೋಡೆ ತೆಳು, ಪಕ್ಕದ ಮನೆಯವರು ಮೊದಲ ಪಾಳಿಗೆ ಏಳಬೇಕಾದವರು, ಗಟ್ಟಿಯಾಗಿ ಹಾಡಿದರೆ ಬಾಗಿಲು ತಟ್ಟುತ್ತಾರೆ. ಕಲೆಯ ಇತಿಹಾಸದಲ್ಲಿ ನೆರೆಮನೆಯವರ ಪಾತ್ರದ ಬಗ್ಗೆ ಯಾರಾದರೂ ಬರೆಯಬೇಕು.

ಚೈತ್ರಾಳದು ತವಾ ಡ್ರಿಲ್. ಬಿಸಿ ಕಾವಲಿಗೆ ನೀರು ಚಿಮುಕಿಸಿದಾಗಿನ ಚುರ್ರ್, ಸಪ್ಲೈಯರ್ ಒಳಗೆ ಕೂಗುವ ಆರ್ಡರ್, ಗ್ರೈಂಡರಿನ ಕಲ್ಲು ಉರುಳುವ ಸದ್ದು, ಎಲ್ಲ ಅವಳ ಫೋನಿನಲ್ಲಿವೆ. ಜೀವಮಾನವಿಡೀ ನನಗೆ ತಲೆನೋವು ತಂದ ಸದ್ದುಗಳಿಗೆ ಜನ ತಲೆದೂಗುವುದನ್ನು ಕಂಡು ನಾನು ಬೆರಗಾದೆ, ಸ್ವಲ್ಪ ಹೆಮ್ಮೆಯೂ ಆಯಿತು. ಮಾತೆಲ್ಲ ಹಿಂದಿ, ಗುಜರಾತಿ. ಅವಳ ಕನ್ನಡ ಊಟ, ನಿದ್ದೆ, ಜಗಳ ಇಷ್ಟಕ್ಕೆ ಸಾಕಾಗುವಷ್ಟಿದೆ.

ಇದರಲ್ಲಿ ಬ್ಯಾಟಲ್ ಎಂಬುದೊಂದಿದೆ ಎಂದು ಗೊತ್ತಾದ ದಿನ ನಾನು ಪೂರ್ತಿ ಸೋತೆ. ಇಬ್ಬರು ಎದುರುಬದುರು ನಿಂತು, ಸ್ಥಳದಲ್ಲೇ ಮಾತು ಕಟ್ಟಿ ಒಬ್ಬರನ್ನೊಬ್ಬರು ಹರಾಜು ಹಾಕಬೇಕು. ಅಯ್ಯೋ, ಇದು ನಮ್ಮ ತಾಳಮದ್ದಳೆಯಲ್ಲವೇ! ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿಗಳು ಕುಳಿತಲ್ಲೇ ವಾದಕ್ಕಿಳಿಯುತ್ತಾರೆ. ಎದುರಿನವನ ಕುಲಗೋತ್ರವನ್ನೆಲ್ಲ ಜಾಲಾಡಿ, ಮಂಗಳ ಹಾಡಿದ ಮೇಲೆ ಅವನ ಪಕ್ಕದಲ್ಲೇ ಎಲೆ ಹಾಕಿ ಕೂರುವುದು. ಸೂರತ್‌ನ ಕನ್ನಡ ಸಂಘದಲ್ಲಿ ನಾನೂ ಅರ್ಥ ಹೇಳಿದವನೇ. ದೇವರಿಗೇ ಎದುರುತ್ತರ ಕೊಡುವ ರಾಕ್ಷಸ ನನ್ನ ಹೆಚ್ಚುಗಾರಿಕೆಯ ಪಾತ್ರ. ಮನೆಯಲ್ಲಿ ಹೆಂಡತಿ ಸುಮತಿಗೆ ಎದುರುತ್ತರ ಕೊಟ್ಟ ದಾಖಲೆ ಮಾತ್ರ ಇಲ್ಲ.

ಆ ಸುಮತಿಯೇ ತೀರ್ಪು ಕೊಟ್ಟಿದ್ದಳು. ಡಿಗ್ರಿ ಮುಗಿದಿದೆ, ಇನ್ನು ಬ್ಯಾಂಕ್ ಪರೀಕ್ಷೆಯ ಕೋಚಿಂಗ್ ಸೇರಬೇಕು. ವಡೋದರದ ಬ್ಯಾಟಲ್ ಗೆದ್ದರೆ ಅಹಮದಾಬಾದಿನ ದೊಡ್ಡ ವೇದಿಕೆ ಸಿಗುತ್ತದಂತೆ, ಸಿಗಲಿ, ಆಗ ಒಂದು ವರ್ಷ ತಾನು ಬಾಯಿ ಬಿಡುವುದಿಲ್ಲ. ಸೋತರೆ ರ್‍ಯಾಪ್‌ಗೆ ಮಂಗಳ. ಚೈತ್ರಾ ಒಪ್ಪಿದಳು. ಆಮೇಲೆ ಎಷ್ಟೋ ದಿನ ಊಟದ ತಟ್ಟೆಯ ಮುಂದೆಯೂ ತುಟಿ ಅಲ್ಲಾಡಿಸುತ್ತ ಅಭ್ಯಾಸ ಮಾಡಿದಳು. ಅವಳಿಗೆ ಅದು ಎಷ್ಟು ಬೇಕಾಗಿತ್ತೆಂದು ನನಗೆ ಗೊತ್ತಿತ್ತು.

ಭಾನುವಾರ ಮಧ್ಯಾಹ್ನ ಅಪ್ಪ ಮಗಳು ಇಬ್ಬರೂ ವಡೋದರಕ್ಕೆ ಹೋದೆವು. ಅಂಡರ್‌ಗ್ರೌಂಡ್ ಎಂದದ್ದಕ್ಕೆ ನೆಲಮಾಳಿಗೆ ಇರಬೇಕೆಂದು ಮೆಟ್ಟಿಲಿಳಿಯಲು ಹೋದೆ. ಅದು ಜಿಮ್ ಒಂದರ ಮೇಲಿನ ಮೂರನೇ ಮಹಡಿ. ನನ್ನ ವಯಸ್ಸಿನವನು ನಾನೊಬ್ಬನೇ ಆದ್ದರಿಂದ ಒಬ್ಬ ಹುಡುಗ ಕುರ್ಚಿ ತಂದುಕೊಟ್ಟ. ಫೈನಲಿಗೆ ಉಳಿದವರು ಚೈತ್ರಾ ಮತ್ತು ಚಾಂದ್‌ಖೇಡಾದ ಮಿಹಿರ್ ಎಂಬ ಪಿಸುಮಾತಿನ ಹುಡುಗ. ಇವಳ ಅಪ್ಪನ ಸಾಂಬಾರಿನಲ್ಲಿ ಬೇಳೆ ಹುಡುಕಲು ಟಾರ್ಚ್ ಬೇಕು ಎಂದು ಅವನು ಪಿಸುಗುಟ್ಟಿದ. ಸಭೆ ನನ್ನತ್ತ ತಿರುಗಿ ನಕ್ಕಿತು. ನಾನೂ ನಕ್ಕೆ, ಬೇಳೆಯ ಬೆಲೆ ಇವನಿಗೇನು ಗೊತ್ತು ಎಂದುಕೊಂಡೆ. ಚೈತ್ರಾ ಬಿಡಲಿಲ್ಲ. ಪಕ್ಕದ ಮನೆಯವರು ಮಲಗಿದ್ದಾರೆಂದು ನೀನು ಅಲ್ಲಿ ಪಿಸುಗುಟ್ಟುತ್ತಿದ್ದೆ, ಸರಿ, ಇಲ್ಲಿ ಯಾರು ಮಲಗಿದ್ದಾರೆ ಎಂದಳು. ಮಹಡಿ ಹಾರಿಹೋಗುವಷ್ಟು ಕೂಗು.

ಮಿಹಿರ್ ಬಾಯಿ ತೆರೆದ. ಮಾತು ಬರಲಿಲ್ಲ. ಹಾಗೆ ನಿಂತವನಿಗೆ ಸಭೆ ಹತ್ತರಿಂದ ಹಿಂದಕ್ಕೆ ಎಣಿಸುವುದು ಪದ್ಧತಿ, ಸೊನ್ನೆ ಬಂದರೆ ಸೋಲು. ಎಣಿಕೆ ಶುರುವಾಯಿತು. ಹುಡುಗನ ಕಿವಿ ಕೆಂಪಾಯಿತು. ಆಗ ಚೈತ್ರಾ ತನ್ನ ಮೈಕ್ ಎತ್ತಿ, ತಾಳ ತಪ್ಪದಂತೆ, "ಬೋಲ್, ಮೇರೇ ಸಾಂಬಾರ್ ಮೇಂ ಚೀನೀ ಕಿಸ್ನೇ ಡಾಲೀ?" ಎಂದಳು. ನನ್ನ ಸಾಂಬಾರಿಗೆ ಸಕ್ಕರೆ ಹಾಕಿದ್ದು ಯಾರು, ಹೇಳು.

ಹುಡುಗನ ಕಣ್ಣಿಗೆ ಜೀವ ಬಂತು. ಎಳೆ ಹಿಡಿದು ಹೊರಟೇಬಿಟ್ಟ. ನಮ್ಮ ಗುಜರಾತಿ ನಾಲಿಗೆಗೆಂದು ಅಪ್ಪ ಸಕ್ಕರೆ ಹಾಕಿದ, ನಮ್ಮ ಕಿವಿಗೆಂದು ಮಗಳು ತನ್ನ ಭಾಷೆ ಬಿಟ್ಟಳು, ಈಗ ಇಬ್ಬರೂ ಅಂಗಡಿ ತೆರೆದು ಅಸಲಿ ಮಾಲು ಎನ್ನುತ್ತಾರೆ. ಹೀಗೇ ಏನೋ, ಪ್ರಾಸ ಕೂಡಿಸಿ, ಪಿಸುಮಾತಿನಲ್ಲಿ. ಅದು ನನಗೆ ನಾಟಿತು. ಸಭೆ ಎದ್ದು ನಿಂತಿತು. ಗೆಲುವು ಅವನದಾಯಿತು.

ಆಮೇಲೆ ಎಲ್ಲರೂ ಗಾಡಿಯೊಂದರ ಮುಂದೆ ನಿಂತು ಸೇವ್ ಉಸಳ್ ತಿಂದರು. ಮಿಹಿರ್ ಬಂದು ನನ್ನ ಕಾಲು ಮುಟ್ಟಿ, "ಅಂಕಲ್, ಸಾಂಬಾರ್ ವಿಷಯ ಮನಸ್ಸಿಗೆ ಹಚ್ಚಿಕೊಳ್ಳಬೇಡಿ" ಎಂದು ಹಿಂದಿಯಲ್ಲಿ ಹೇಳಿ ಹೋದ. ಸ್ಟೇಷನ್ನಿನಲ್ಲಿ ನನಗೆ ತಡೆಯಲಾಗಲಿಲ್ಲ. "ಎಂತ ಮಾರಾಯ್ತಿ, ಕೈಗೆ ಬಂದದ್ದನ್ನು ಬಿಟ್ಟೆಯಲ್ಲ?" ಎಂದೆ.

"ಬೇಜಾರುಂಟು ಪಪ್ಪ, ಬಹುತ್ ಉಂಟು," ಎಂದಳು. ಕಣ್ಣು ತುಂಬಿತ್ತು. "ಆದ್ರೆ ಅವನು ಹಾಗೆ ನಿಂತ್ರೆ ಬ್ಯಾಟಲ್ ಎಲ್ಲಿ? ನೀವೇ ಅಲ್ವಾ, ಸಂಘದ ಹಾಲ್‌ನಲ್ಲಿ ಬ್ಯಾಂಕ್ ಅಂಕಲ್‌ಗೆ ಮಾತು ಎತ್ತಿ ಕೊಟ್ಟದ್ದು? ನಾನು ನಿಮ್ಮ ಹಿಂದೆಯೇ ಕೂತಿದ್ದೆ."

ನೆನಪಾಯಿತು. ಎದುರಿನ ದೇವರ ಪಾತ್ರದ ಬ್ಯಾಂಕ್ ಅಧಿಕಾರಿಗೆ ಅರ್ಥವೇ ಮರೆತುಹೋಗಿತ್ತು. ನಾನು ರಾಕ್ಷಸನಾಗಿಯೇ, "ಮೌನವೇಕೆ? ತಂದೆಗೆ ಕೊಟ್ಟ ಮಾತು ನೆನಪಾಯಿತೇ?" ಎಂದು ಗದರಿದೆ. ಅವರಿಗೆ ದಾರಿ ಸಿಕ್ಕಿತು, ನನ್ನನ್ನೇ ಸೋಲಿಸಿದರು. ತಾಳಮದ್ದಳೆಯಲ್ಲಿ ಇದು ದೊಡ್ಡ ಔದಾರ್ಯವೇನಲ್ಲ, ಹಾಗೆ ಮಾಡುವುದೇ ಕ್ರಮ. ಅವಳಿಗಾಗ ನಮ್ಮ ಮಾತಿನಲ್ಲಿ ಕಾಲು ಭಾಗವೂ ಅರ್ಥವಾಗಿರಲಿಕ್ಕಿಲ್ಲ. ಕ್ರಮ ಮಾತ್ರ ಅರ್ಥವಾಗಿತ್ತು. ಇನ್ನು ನಾನು? ಹುಡುಗ ಬೆವರುತ್ತ ನಿಂತಾಗ ಸಭೆಯ ಜೊತೆ ಕುರ್ಚಿಯಲ್ಲಿ ಕೂತು ಗುಜರಾತಿಯಲ್ಲಿ ಎಣಿಸುತ್ತಿದ್ದೆ.

ರೈಲು ಹೊರಟ ಮೇಲೆ ಸುಮತಿಯ ಫೋನ್ ಬಂತು. "ಎಂತಾಯ್ತು? ಗೆದ್ಲಾ?"

ಹಾಂ, ಹೂಂ ಬಿಟ್ಟರೆ ನನ್ನ ಬಾಯಿಂದ ಬೇರೇನೂ ಹೊರಡಲಿಲ್ಲ. ಪಕ್ಕದಿಂದ ಚೈತ್ರಾ ಮೆಲ್ಲಗೆ, "ಸೋತ್ಳು ಅಂತ ಹೇಳಿ ಪಪ್ಪ. ಕೋಚಿಂಗ್‌ಗೆ ಹೋಗ್ತಾಳೆ ಅಂತ ಹೇಳಿ" ಎಂದಳು.

"ಸೋತಳು," ಎಂದೆ. "ಕೋಚಿಂಗ್‌ಗೆ ಹೋಗ್ತಾಳಂತೆ. ಹೋಗಲಿ. ಆದರೆ ರ್‍ಯಾಪ್ ನಿಲ್ಲಿಸ್ಬೇಕು ಅಂದದ್ದಕ್ಕೆ ನಾನು ಒಪ್ಪುದಿಲ್ಲ."

ಆ ಕಡೆ ಸದ್ದೇ ಇಲ್ಲ. ಇಷ್ಟು ವರ್ಷದಲ್ಲಿ ಸುಮತಿ ಮಾತಿಲ್ಲದೆ ನಿಂತದ್ದನ್ನು ನಾನು ಕಂಡಿರಲಿಲ್ಲ. ಇಲ್ಲೇ ಫೋನ್ ಇಟ್ಟರೆ ಗೆಲುವು ನನ್ನದೇ. ಮಗಳು ನನ್ನ ಮುಖ ನೋಡುತ್ತಿದ್ದಳು.

"ಹಾಗಾದ್ರೆ ಅವಳ ಮುಂದಿನ ಗತಿ ಎಂತ ಅಂತ ನೀನು ಕೇಳುದಿಲ್ವಾ?" ಎಂದೆ.

ಸುಮತಿ ಕೇಳಿದಳು. ಭರೂಚ್ ದಾಟಿ ರೈಲು ನರ್ಮದೆಯ ಸೇತುವೆಯ ಮೇಲೆ ಹೋಗುತ್ತಿದ್ದಾಗಲೂ ಕೇಳುತ್ತಲೇ ಇದ್ದಳು.