ಗುಲಾಬಿ ಕುಂಡದ ಎರೆಹುಳು

ಹನುಮಂತನಗರದ ನಮ್ಮ ಬಾಡಿಗೆ ಮನೆಯಲ್ಲಿ ಮೀನಿನ ವಾಸನೆ ಬಂದರೆ ಸಾಕು, ಮನೆ ಖಾಲಿ ಮಾಡಿಸುತ್ತಿದ್ದರು. ನಾನೋ ಭಾನುವಾರದ ಗಾಳಕ್ಕೆಂದು ನರ್ಸರಿಯಲ್ಲಿ ಕೊಂಡ ಎರೆಹುಳುಗಳನ್ನು ಒದ್ದೆ ಮಣ್ಣಿನ ಡಬ್ಬಿಯಲ್ಲಿಟ್ಟುಕೊಂಡು ಕಳ್ಳನ ಹಾಗೆ ಮೆಟ್ಟಿಲು ಹತ್ತುತ್ತಿದ್ದೆ. ಓನರ್ ಆಂಟಿ ಎದುರಾದರು.

"ಡಬ್ಬೀಲೇನ್ರೀ?"

"ಎರೆಹುಳು. ನಿಮ್ಮ ಗುಲಾಬಿ ಕುಂಡಕ್ಕೆ" ಅಂದುಬಿಟ್ಟೆ.

ಅವರು ಖುಷಿಯಿಂದ ಡಬ್ಬಿ ಇಸ್ಕೊಂಡರು. ಕೆರೆಗೆ ಹೋದಾಗ ನನ್ನ ಪಾಲಿಗೆ ಉಳಿದಿದ್ದು ರಬ್ಬರ್ ಹುಳು. ಮೀನುಗಳು ಹತ್ತಿರ ಬಂದು, ನೋಡಿ, ವಾಪಸ್ ಹೋದವು.

ಮುಂದಿನ ಶನಿವಾರ ಆಂಟಿ ಬಾಗಿಲು ಬಡಿದರು. ಖಾಲಿ ಮಾಡಿ ಅಂತಾರೇನೋ ಅಂದುಕೊಂಡೇ ಬಾಗಿಲು ತೆಗೆದೆ. ಅವರ ಕೈಯಲ್ಲಿ ಅದೇ ಡಬ್ಬಿ.

"ಕುಂಡಕ್ಕೆ ಅಷ್ಟೊಂದು ಬೇಡ, ಅರ್ಧ ವಾಪಸ್ ತಂದಿದೀನಿ. ಹಿಡಿದಿದ್ದನ್ನ ಮಾತ್ರ ಅಲ್ಲೇ ಎಲ್ಲಾದ್ರೂ ತಿಂದು ಬನ್ನಿ."