ನೀರು ಕುಡಿಯದ ಅಂಗಳ

ಮಂಜಗುಣಿಯಲ್ಲಿ ಅಂಗಳ ಮಾಡುವುದಿದ್ದರೆ ಗಣಪನೇ ಮಾಡಬೇಕು. ಈ ಮಾತನ್ನು ಊರಿನವರಿಗಿಂತ ಹೆಚ್ಚಾಗಿ ಗಣಪನೇ ಹೇಳುತ್ತಾನೆ. ಮಳೆಗಾಲ ಮುಗಿದದ್ದೇ ತಡ, ನೆಲ ಬಡಿಯುವ ಮರ ಹೆಗಲಿಗೇರಿಸಿ ಮನೆಮನೆಗೆ ಹೊರಡುತ್ತಾನೆ. ಹದವಾದ ಮಣ್ಣನ್ನು ಬಡಿದು, ಸಗಣಿಗೆ ಮಸಿ ಕಲಸಿ ಸಾರಿಸಿದನೆಂದರೆ ಬಿದ್ದ ಅಗುಳನ್ನು ಹೆಕ್ಕಿ ತಿನ್ನಬಹುದು. ಗಂಡನ ಸಿಟ್ಟೆಲ್ಲ ಆ ಮರದಲ್ಲಿ ಇಳಿಯುತ್ತದೆ, ಅದಕ್ಕೇ ನೆಲ ಅಷ್ಟು ಗಟ್ಟಿ ಎಂದು ಹೆಂಡತಿ ದುರ್ಗಿಯ ಲೆಕ್ಕ.

ಬೇಲಿಯಾಚೆಗೆ ಅಣ್ಣ ಹುಲಿಯಾನ ಮನೆ. ಅವನು ಅಂಗಳ ಬಡಿಯುವ ಉಸಾಬರಿಗೆ ಹೋದವನಲ್ಲ. ಅದಕ್ಕೆ ಗಣಪ ಒಂದು ದಿನ "ಹಂದಿ ಹೊರಳಿದ ಗದ್ದೆ" ಎಂದುಬಿಟ್ಟ. ಅಲ್ಲಿಂದ ಮಾತಿಲ್ಲ. ಬಾವಿ ಮಾತ್ರ ಇಬ್ಬರಿಗೂ ಒಂದೇ, ಬೇಲಿಯ ಬುಡದಲ್ಲಿ. ಬೇಸಿಗೆ ಬಂತೆಂದರೆ ಕಡಲಿನಿಂದ ಹೊಳೆಗೆ ಏರಿದ ಉಪ್ಪು ಅದಕ್ಕೆ ನುಗ್ಗುತ್ತದೆ. ಗಂಜಿಗೆ ಬೇರೆ ಉಪ್ಪು ಬೇಡ, ಅಷ್ಟೊಂದು ಅನುಕೂಲ. ಕುಡಿಯುವ ನೀರಿಗೆ ಮಾತ್ರ ದುರ್ಗಿ ಬಿಸಿಲಲ್ಲಿ ಮೇಲಿನ ಕೇರಿಗೆ ಕೊಡ ಹೊತ್ತು ನಡೆಯಬೇಕು.

ಈ ಸಲ ಮಳೆನೀರು ಇಂಗಿಸಿ ಬಾವಿ ಉಳಿಸುವ ಯೋಜನೆ ಬಂತು. ಬಾವಿಯ ಹತ್ತಿರದ ಮಣ್ಣು ನೀರು ಹೀರಿದರೆ ಇಂಗುಗುಂಡಿ, ಇಲ್ಲವಾದರೆ ಇಲ್ಲ. ಅಳೆಯಲು ಬರುವ ವಿನುತಾ ಎಂಬ ಹುಡುಗಿ ಫೋನು ಮಾಡಿ, ಜಾಗ ಸ್ವಚ್ಛವಾಗಿರಲಿ ಎಂದಳು. ಗಣಪನಿಗೆ ಅಷ್ಟು ಸಾಕಾಯಿತು. ಸರಕಾರ ಮನೆಬಾಗಿಲಿಗೆ ಬರುವಾಗ ಕಸ ಗುಡಿಸಿ ಸುಮ್ಮನಿರಲು ಅವನೇನು ಹುಲಿಯಾನೇ? ಬಾವಿಯ ಬದಿಯ ಅಂಗಳವನ್ನು ಮತ್ತೆ ನೆನೆಸಿ, ಬಡಿದು, ಎರಡು ಕೈ ಸಗಣಿ ಸಾರಿಸಿ ಕನ್ನಡಿ ಮಾಡಿದ.

ವಿನುತಾ ಒಂದರೊಳಗೊಂದು ಇಡುವ, ತಳವಿಲ್ಲದ ಡಬ್ಬಿಯಂಥ ಎರಡು ಕಬ್ಬಿಣದ ಬಳೆ ತಂದಿದ್ದಳು. ಅವನ್ನು ನೆಲಕ್ಕೆ ಬಡಿದು ಕೂರಿಸುವಷ್ಟರಲ್ಲಿ ಅವಳ ಜೊತೆ ಬಂದ ಆಳಿನ ರಟ್ಟೆ ಸೋತಿತು. ನೀರು ತುಂಬಿ, ಅಳತೆಪಟ್ಟಿ ನಿಲ್ಲಿಸಿ, ಮೊಬೈಲಿನಲ್ಲಿ ಹೊತ್ತು ನೋಡುತ್ತ ಕುಳಿತಳು. ನೀರು ಹರಿವಾಣದಲ್ಲಿದ್ದಂತೆ ನಿಂತೇ ಇತ್ತು. ಒಂದು ಕಾಗೆ ಬಂದು ಕುಡಿದು ಹೋಯಿತು. ಇಳಿದದ್ದು ಅಷ್ಟೇ.

"ಇಳೀತಾನೇ ಇಲ್ವಲ್ಲ," ಎಂದಳು.

"ಇಳೂದಿಲ್ಲ ಅಕ್ಕೋರೆ," ಗಣಪ ಮೀಸೆ ತಿರುವಿದ. "ನಾ ಮಾಡಿದ ನೆಲ. ಹೊಳೆನೇ ತಂದು ಹೊಯ್ದ್ರೂ ಇಳೂದಿಲ್ಲ."

"ಹಾಗಾದರೆ ಇಲ್ಲಿ ಗುಂಡಿ ಆಗಲ್ಲ."

ಮೀಸೆಯ ಮೇಲಿನ ಕೈ ಅಲ್ಲೇ ನಿಂತಿತು.

"ಈಗ ಆ ನೆಲಾನೇ ನೆಕ್ಕೂದು," ಎಂದಳು ದುರ್ಗಿ.

"ಬಾಯಿ ಮುಚ್ಚು. ಪಿಕಾಸಿ ತಾ, ಅಗದು ಕೊಡ್ತೆ."

"ಅಗೆದ ಮಣ್ಣಲ್ಲಿ ಅಳೆಯೋ ಹಾಗಿಲ್ಲ," ವಿನುತಾ ತಡೆದಳು. "ಬಡಿಯದೆ, ಅಗೆಯದೆ ತಾನಾಗಿ ಬಿದ್ದಿರೋ ನೆಲ ಬೇಕು."

ಗಣಪ ಸುತ್ತ ನೋಡಿದ. ಕೋಳಿಗೂಡಿನ ಕೆಳಗನ್ನೂ ಬಿಡದೆ ಬಡಿದಿಟ್ಟ ಪುಣ್ಯಾತ್ಮ ಅವನು. ದುರ್ಗಿ ಬೇಲಿಯ ಕಡೆ ಗದ್ದ ಎತ್ತಿದಳು.

ಹುಲಿಯಾ ಜಗುಲಿಯಲ್ಲಿ ಎಲೆಯಡಿಕೆಯ ಕವಳ ಜಗಿಯುತ್ತ ಮೊದಲಿನಿಂದ ಎಲ್ಲವನ್ನೂ ನೋಡಿದ್ದ.

"ಅಣ್ಣಾ," ಎಂದ ಗಣಪ, ಹಲ್ಲುನೋವಿನವನಂತೆ.

"ಯಾರದು? ಹಂದಿ ಗದ್ದೆ ಬದಿಗೆ ದಾರಿ ತಪ್ತಾ?"

"ಸ್ವಲ್ಪ ನೆಲ ಬೇಕಾಗಿತ್ತು. ಅಳತೆ ಮಾಡೂಕೆ."

"ನಿಂದೇ ಅದ್ಯಲಾ, ಕನ್ನಡಿ ಹಾಂಗಿದ್ದದ್ದು."

"ಅದು ನೀರು ಕುಡೂದಿಲ್ಲ."

"ಹಾಂ? ಕೆಮಿ ಮಂದ ತಮಾ," ಹುಲಿಯಾ ಕಿವಿಗೆ ಕೈ ಹಿಡಿದ. "ದೊಡ್ಡಕೆ ಹೇಳು."

ಕೇರಿಯ ಹೆಂಗಸರು ಆಗಲೇ ಬೇಲಿಗೆ ಬಂದು ನಿಂತಿದ್ದರು. ಗಣಪ ಒಮ್ಮೆ ಬಾವಿ ನೋಡಿದ, ಒಮ್ಮೆ ದುರ್ಗಿಯ ಸೊಂಟದ ಮೇಲಿನ ಖಾಲಿ ಕೊಡ ನೋಡಿದ.

"ನನ್ನ ಅಂಗಳ ನೀರು ಕುಡೂದಿಲ್ಲ, ನಿಂದು ಕುಡೀತದೆ," ಎಂದು ಊರಿಗೆಲ್ಲ ಕೇಳುವಂತೆ ಹೇಳಿದ.

ಹುಲಿಯಾನ ಅಂಗಳದಲ್ಲಿ ಬಳೆಗಳು ಸಲೀಸಾಗಿ ಕುಳಿತವು. ಹೊಯ್ದ ನೀರು ನೋಡುನೋಡುತ್ತ ಇಳಿಯಿತು. ಮತ್ತೆ ತುಂಬಬೇಕು, ಮತ್ತೆ ಅಳೆಯಬೇಕು. ಬೇಲಿ ದಾಟಿ ಕೊಡ ಹೊತ್ತು ತರುವ ಪಾಳಿ ಗಣಪನದಾಯಿತು. ನೀರು ಇಳಿದಷ್ಟೂ ಹೊಟ್ಟೆ ಉರಿಯಿತು, ಇಳಿಯದಿದ್ದರೆ ಎಂಬ ಹೆದರಿಕೆಯೂ ಆಯಿತು.

"ಗುಂಡಿ ಇಲ್ಲೇ ಆಗ್ಲಿ ಅಕ್ಕೋರೆ, ನಂದೇನೂ ಅಡ್ಡಿ ಇಲ್ಲ," ಹುಲಿಯಾ ಕವಳ ಉಗಿದು ಬಂದ. "ಆದ್ರೆ ತೋಡೂದು ಅವನೇ. ತೋಡಿದ್ಮೇಲೆ ಅಡಿ ಬಡದಿಟ್ಟು ಹೋಗದಿದ್ದಾಂಗೆ ನೀವೇ ನಿತ್ತು ಕಾಯ್ಬೇಕು."

ಗಣಪನ ಬಾಯಿಗೆ ಬಂದ ಮಾತು ಅಚ್ಚಿಗೆ ಹಾಕುವಂಥದ್ದಲ್ಲ.

"ನೀರು ಖಾಲಿಯಾಯ್ತು, ಬೇಗ," ಎಂದಳು ವಿನುತಾ.

ಅವನು ಆ ಮಾತನ್ನು ನುಂಗಿ, ಕೊಡ ಎತ್ತಿಕೊಂಡು ಬಾವಿಗೆ ಓಡಿದ.